ತತ್ತ್ವಶಾಸ್ತ್ರದ ತರಗತಿ ಮುಚ್ಚುವ ಮುನ್ನ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಪದವಿ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ತತ್ತ್ವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಕೊನೆಯ ವರ್ಷ ತರಗತಿಯಲ್ಲಿ ನಾಲ್ವರಿದ್ದರು. ಮಕ್ಕಳಿಲ್ಲವೆಂದು ಮರುವರ್ಷ ಪ್ರವೇಶದ ಅರ್ಜಿಯಿಂದಲೇ ವಿಷಯದ ಹೆಸರು ತೆಗೆದರು. ನನ್ನ ಹುದ್ದೆಗೆ ಯಾರೂ ಬರಲಿಲ್ಲ.

ಆ ನಾಲ್ವರಿಗಿಂತ ನನ್ನನ್ನು ಹೆಚ್ಚು ಕಾಡುವವನು ಒಬ್ಬ ಬಿ.ಕಾಂ. ಹುಡುಗ. ಒಂದು ಸಂಜೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಅವನ ಅಜ್ಜ ಹನ್ನೊಂದು ದಿನದಿಂದ ವೆಂಟಿಲೇಟರಿನಲ್ಲಿದ್ದರು. ಕೈಯಲ್ಲಿದ್ದ ಆಸ್ಪತ್ರೆಯ ಬಿಲ್ಲು ಮಡಚಿ ಮಡಚಿ ಬಟ್ಟೆಯಂತೆ ಮೆತ್ತಗಾಗಿತ್ತು. ‘ಸರ್, ತೆಗೆಯಿರಿ ಎಂದು ನಾವು ಒಪ್ಪಿದರೆ ಕೊಂದಂತಾಗುತ್ತದೆಯೇ?’ ಎಂದ. ಕೊಲ್ಲುವುದೂ ಸಾವನ್ನು ತಡೆಯದೆ ಬಿಡುವುದೂ ಒಂದೆಯೇ, ಅಜ್ಜನಿಗೆ ಮಾತು ಬಂದಿದ್ದರೆ ಏನು ಹೇಳುತ್ತಿದ್ದರು, ಈ ಯೋಚನೆಯಲ್ಲಿ ಪ್ರೀತಿ ಎಷ್ಟು, ಬಿಲ್ಲಿನ ಭಯ ಎಷ್ಟು ಎಂದು ಎರಡು ಗಂಟೆ ಎಳೆ ಎಳೆಯಾಗಿ ಬಿಡಿಸಿ ನೋಡಿದೆವು. ನಾನು ಉತ್ತರ ಕೊಡಲಿಲ್ಲ. ಅಪ್ಪನ ಜೊತೆ ಇದನ್ನೇ ಮಾತನಾಡುತ್ತೇನೆಂದು ಎದ್ದು ಹೋದ.

2025ರ ಜನವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ, ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುತ್ತೋಲೆ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವ ಪ್ರತಿ ನಿರ್ಧಾರವನ್ನೂ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು. ಒಳ್ಳೆಯ ಕ್ರಮ, ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಒಪ್ಪಿಗೆ ಕೊಡಬೇಕಾದ ಮನೆಯವರು ಹೀಗೆ ಯೋಚಿಸುವುದನ್ನು ಎಲ್ಲಿ ಕಲಿಯಬೇಕು ಸ್ವಾಮಿ?

ಪ್ರತಿ ಸೆಪ್ಟೆಂಬರ್ 5ರಂದು ನಾವು ಮಾಲೆ ಹಾಕುವ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಲ್ಲೇ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1932ರಲ್ಲಿ ಲಂಡನ್ನಿನಿಂದ ಪ್ರಕಟವಾಗಿ ಇಂದಿಗೂ ಓದಿನಲ್ಲಿದೆ. ರಾಧಾಕೃಷ್ಣನ್ ಬಾಳಿಡೀ ದುಡಿದ ವಿಷಯವನ್ನು ಕೈಬಿಟ್ಟು ಅವರ ಪಟಕ್ಕೆ ಹೂವು ಏರಿಸುವುದು ನನಗೆ ನೋವು ತರುತ್ತದೆ.

ತಪ್ಪು ನಮ್ಮದೂ ಇದೆ. ಆರು ದರ್ಶನಗಳ ಹೆಸರು ಉರುಹೊಡೆಸಿ, ಐದು ಅಂಕಕ್ಕೆ ಟಿಪ್ಪಣಿ ಬರೆಸಿ ಮಕ್ಕಳನ್ನು ದೂರ ಮಾಡಿದವರು ಅಧ್ಯಾಪಕರಾದ ನಾವೇ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ತಲೆ ಎಣಿಸಿ ವಿಷಯ ಮುಚ್ಚಬೇಡಿ. ಬಿ.ಎ.ಗೆ ಮಕ್ಕಳು ಬರದಿದ್ದರೆ ಅಧ್ಯಾಪಕರನ್ನೇ ಬಿ.ಕಾಂ., ಬಿ.ಎಸ್‌ಸಿ., ಬಿ.ಸಿ.ಎ. ತರಗತಿಗಳಿಗೆ ಕಳುಹಿಸಿ. ವಾರಕ್ಕೆ ಎರಡು ಗಂಟೆ ಸಾಕು. ಅದನ್ನು ಅವರ ಕಾರ್ಯಭಾರದ ಲೆಕ್ಕಕ್ಕೆ ಸೇರಿಸಿ. ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲೇ ಆದೇಶ ಹೊರಬೀಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ