ಜಾಥಾ ಸಾಲದು, ಬಾವಿಯ ನೀರು ಅಳೆಯಿರಿ

ಮಾನ್ಯರೇ,

ಫೆಬ್ರವರಿ 2ರ ವಿಶ್ವ ಜೌಗು ಪ್ರದೇಶ ದಿನಕ್ಕೆ ಎನ್ನೆಸ್ಸೆಸ್ ವಿದ್ಯಾರ್ಥಿಗಳು ಬ್ಯಾನರ್ ಹಿಡಿದು ಜಾಥಾ ಹೊರಟರೆ ಜನ ನೋಡುತ್ತಾರೆ, ಮರೆಯುತ್ತಾರೆ. ಜೀವವೈವಿಧ್ಯದ ಮಾತಿಗಿಂತ ಮನೆ ಬಾವಿಯ ಮಾತು ಬೇಗ ನಾಟುತ್ತದೆ. ನಮ್ಮ ಕರಾವಳಿಯ ಮುರಕಲ್ಲು (ಜಂಬಿಟ್ಟಿಗೆ) ನೆಲದಲ್ಲಿ ಮಳೆನೀರು ನಿಲ್ಲುವುದಿಲ್ಲ. ಬೈಲು (ತಗ್ಗಿನ ಗದ್ದೆ ಬಯಲು), ಮದಗ (ಸಣ್ಣ ಕೆರೆ), ಕೆರೆಯಲ್ಲಿ ತಂಗಿದ ನೀರೇ ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳಿಗೆ ಒರತೆಯಾಗುತ್ತದೆ. ಬೈಲಿಗೆ ಮಣ್ಣು ಬಿದ್ದು ತೋಡು (ನೀರು ಹರಿಯುವ ಕಾಲುವೆ) ಮುಚ್ಚಿದರೆ ಮಳೆಗಾಲದಲ್ಲಿ ಅಂಗಳಕ್ಕೆ ನೀರು, ಏಪ್ರಿಲ್‌ನಲ್ಲಿ ಬಾವಿ ಖಾಲಿ.

ಹೀಗಾಗಿ ಮೂರ್ನಾಲ್ಕು ವಿದ್ಯಾರ್ಥಿಗಳ ತಂಡ, ಒಬ್ಬರಿಗಾದರೂ ತುಳು ಅಥವಾ ಬ್ಯಾರಿ ಬರುವಂತೆ, ತಿಂಗಳಿಗೊಮ್ಮೆ ಅವೇ ಮನೆಗಳಿಗೆ ಹೋಗಲಿ. ಮೀಟರಿಗೊಂದು ಗಂಟು ಹಾಕಿದ ಹಗ್ಗ, ತುದಿಗೊಂದು ತೂಕ ಸಾಕು. ಬಾವಿಕಟ್ಟೆಯ ಮೇಲೆ ಪೇಂಟಿನಲ್ಲಿ ಗುರುತು ಹಾಕಿ ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು, ಕಟ್ಟೆಯ ಎತ್ತರ ಕಳೆಯಬೇಕು. ಬೆಳಿಗ್ಗೆ ಪಂಪು ಹಾಕುವ ಮೊದಲೇ ಹೋಗಬೇಕು. ಪಂಪು ಓಡಿದ ಮೇಲೆ ಸಿಗುವುದು ಇಳಿದ ಮಟ್ಟ, ಅದು ಲೆಕ್ಕಕ್ಕೆ ಬಾರದು. ಕೆಮ್ಮಣ್ಣು, ಮೂಲ್ಕಿಯಂಥ ಅಳಿವೆ (ನದಿ ಸಮುದ್ರ ಸೇರುವ ಜಾಗ) ಬದಿಯಲ್ಲಿ ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ, ಕೂಡ ಬೇಕು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು; ಬೇರೆ ನೀರಿಲ್ಲದಿದ್ದರೆ ಮಾತ್ರ 2000ದ ತನಕ ಒಪ್ಪಿಗೆ. ಒಂದು ಬಾವಿಯಿಂದ ಇನ್ನೊಂದಕ್ಕೆ ಹೋಗುವಾಗ ಮೀಟರಿನ ತುದಿಯನ್ನು ಶುದ್ಧ ನೀರಿನಲ್ಲಿ ತೊಳೆದು ಒರೆಸದಿದ್ದರೆ ಹಿಂದಿನ ಬಾವಿಯ ಉಪ್ಪು ಮುಂದಿನದರ ಲೆಕ್ಕಕ್ಕೆ ಸೇರುತ್ತದೆ.

ಕಾನೂನಿನ ವಿಷಯ ತಪ್ಪಾಗಿ ಹೇಳಿದರೆ ಜನ ಮತ್ತೆ ನಂಬುವುದಿಲ್ಲ. 2017ರ ಜೌಗು ಪ್ರದೇಶ ನಿಯಮ ಗದ್ದೆಗೂ ನದಿಪಾತ್ರಕ್ಕೂ ಅನ್ವಯಿಸದು. ಗದ್ದೆ ತುಂಬಿಸಿದ್ದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಿದೆಯೇ ಎಂದು ನೋಡಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಡಿದಿದ್ದರೆ ಅದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ವಿಷಯ.

ಕಾಂಡ್ಲಾ ನೆಡುವ ಉತ್ಸಾಹಕ್ಕೂ ಸ್ವಲ್ಪ ತಡೆ ಬೇಕು. ಮರುವಾಯಿ (ಚಿಪ್ಪುಮೀನು) ಹೆಕ್ಕುವ ಕೆಸರು ದಿಬ್ಬದಲ್ಲಿ ನೆಟ್ಟರೆ ಅಲ್ಲಿಂದ ಜೀವನ ಸಾಗಿಸುವ ಮಹಿಳೆಯರ ಜಾಗ ಹೋಗುತ್ತದೆ. ಅವರನ್ನು ಕೇಳದೆ ಒಂದು ಗಿಡವನ್ನೂ ಊರಬಾರದು.

ಅಳತೆಯ ಪ್ರತಿಯನ್ನು ಆಯಾ ಮನೆಗೂ ಗ್ರಾಮ ಪಂಚಾಯತಿಗೂ ಕೊಡಿ. ಬ್ಯಾಚ್ ಬದಲಾದಾಗ ಪುಸ್ತಕ ಕಳೆದುಹೋಗದಂತೆ ಕಾರ್ಯಕ್ರಮಾಧಿಕಾರಿಗಳು ನೋಡಿಕೊಳ್ಳಲಿ.

– ಓದುಗರು, ಉಡುಪಿ