ಕವಲೇದುರ್ಗಕ್ಕೆ ಹೊರಡುವ ಮುಂಚೆ ಇದನ್ನೊಮ್ಮೆ ಓದು ಅಪ್ಪಿ

ಪ್ರೀತಿಯ ಅಪ್ಪಿ,

ನಿನ್ನ ಮೆಸೇಜು ನೋಡಿದೆ. ಭಾನುವಾರ ಫ್ರೆಂಡ್ಸ್ ಜೊತೆ ನಮ್ಮ ತೀರ್ಥಹಳ್ಳಿ ಕಡೆಯ ಕವಲೇದುರ್ಗದ ಕೋಟೆಗೆ ಬರುತ್ತೀರಂತೆ, ತುಂಬಾ ಖುಷಿಯಾಯಿತು. ಆದರೆ ಅಲ್ಲಿಗೆ ಎರಡು ಗಂಟೆ ಸಾಕು, ಆಮೇಲೆ ಕುಂದಾದ್ರಿ ಬೆಟ್ಟಕ್ಕೆ ಹೋಗುತ್ತೇವೆ ಅಂತಲೂ ಬರೆದಿದ್ದೀಯ. "ಬರೀ ಗೋಡೆಗಳಷ್ಟೇ ಅಲ್ವಾ ದೊಡ್ಡಮ್ಮ" ಅಂತ ಕೇಳಿದ್ದೀಯ. ಆ ಮಾತು ರಾತ್ರಿಯೆಲ್ಲ ತಲೆಯಲ್ಲಿ ಕೂತಿತ್ತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೇಲೆ ಹೋದ ಕೂಡಲೇ ಎಲ್ಲರೂ ಫೋಟೋಗೆ ಅಂತ ತುದಿಗೆ ಓಡುತ್ತಾರೆ. ನೀನು ಓಡಬೇಡ. ಮೊದಲು ಅರಮನೆ ಇದ್ದ ಜಾಗಕ್ಕೆ ಹೋಗು. ಈಗ ಅಲ್ಲಿ ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ ಮಾತ್ರ ಇದೆ. ಮೆಟ್ಟಿಲು, ಜಗಲಿ, ಕೋಣೆಗಳ ಗುರುತು, ದೇವರ ಮನೆ ಎಲ್ಲ ನೆಲಮಟ್ಟದಲ್ಲಿ ಕಾಣುತ್ತದೆ. ಅಲ್ಲೇ ಅಡುಗೆಮನೆಯೂ ಇದೆ. ಕಲ್ಲಿನ ಕಟ್ಟೆ, ಐದು ಉರಿಯ ಒಲೆ. ನಮ್ಮ ಹಳೇ ಮನೆಯ ಕೋಡೊಲೆ ನೆನಪಿದೆಯಾ? ಮುಂದೆ ಅನ್ನದ ಚರಿಗೆ, ಹಿಂದಿನ ಕೋಡಿನ ಮೇಲೆ ಸಾರು. ಅದನ್ನೇ ಅರಮನೆಯ ಅಳತೆಗೆ ಹಿಗ್ಗಿಸಿದರೆ ಹೇಗಿರುತ್ತದೋ ಹಾಗಿದೆ. ಅದರ ಮುಂದೆ ಸುಮ್ನೆ ಐದು ನಿಮಿಷ ಕುಕ್ಕರಗಾಲಲ್ಲಿ ಕೂತು ನೋಡು. ಆಷಾಢದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣಲ್ಲಿ ನೀರು ಬಂದವರಿಗೆ ಆ ಒಲೆ ನೋಡಿದರೆ ಎಷ್ಟು ಜನರ ಕೈ ಅಲ್ಲಿ ಸವೆದಿರಬಹುದು ಅನ್ನಿಸದೇ ಇರದು.

ಹಾಗೇ ಬಚ್ಚಲು. ಕಲ್ಲಿನಲ್ಲೇ ಕಟ್ಟಿದ್ದಾರೆ, ನೀರು ಒಳಗೆ ಬರುವುದಕ್ಕೆ ದಾರಿ ಮಾಡಿದ್ದಾರೆ. ನಿನ್ನಜ್ಜ ಗುಡ್ಡದ ಧರೆಯಿಂದ ಸೀಳಿದ ಅಡಿಕೆ ಮರದ ದಬ್ಬೆ ಹಾಕಿ ಅಬ್ಬಿ ನೀರನ್ನು ಹಿತ್ತಲಿಗೆ ತರುತ್ತಿದ್ದರಲ್ಲ, ಅದೇ ಬುದ್ಧಿ. ಬೆಟ್ಟದ ಮೇಲೆ ಕೊಳಗಳೂ ಇವೆ. ಮುತ್ತಿಗೆ ಬಿದ್ದರೆ ಕೋಟೆಗೆ ಮೊದಲು ಬೇಕಾಗುವುದು ನೀರು. ಫಿರಂಗಿ ಲೆಕ್ಕ ಆಮೇಲೆ.

ಇತಿಹಾಸ ನಿನಗೆ ಬೋರು ಅಂತ ಗೊತ್ತು, ಆದರೂ ಇಷ್ಟು ತಿಳಿದುಕೊಂಡೇ ಹತ್ತು. ಕೆಳದಿಯ ನಾಯಕರು ಸುಮಾರು 1500ರಿಂದ 1763ರವರೆಗೆ ಈ ಮಲೆನಾಡನ್ನು ಆಳಿದರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು, ಅಂದರೆ ಈಗ ನಗರ ಅಂತ ಕರೆಯುವ ಊರು. ಕವಲೇದುರ್ಗವನ್ನು ಹಿರಿಯ ವೆಂಕಟಪ್ಪ ನಾಯಕ ಗಟ್ಟಿ ಮಾಡಿಸಿದ. ಅವನ ಕಾಲದಲ್ಲಿ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲ್ಲೆ ಅಂತ ಇಟಲಿಯ ಪ್ರವಾಸಿಯೊಬ್ಬ ಇಕ್ಕೇರಿಗೆ ಬಂದಿದ್ದ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿ ಮೇಲೆ ನಾಲ್ಕು ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದದ್ದನ್ನು ಅವನು ಬರೆದಿಟ್ಟಿದ್ದಾನೆ. ನನಗಂತೂ ಹತ್ತು ಯುದ್ಧದ ಕತೆಗಿಂತ ಇದೇ ಜಾಸ್ತಿ ಇಷ್ಟ.

ಅಷ್ಟು ದೂರದವರು ಇಲ್ಲಿಗೆ ಯಾಕೆ ಬಂದರು ಅಂತ ಕೇಳಬಹುದು. ನಮ್ಮ ಕಾಳುಮೆಣಸಿಗೆ. ಮೆಣಸು, ಅಕ್ಕಿ ಎಲ್ಲ ಘಟ್ಟ ಇಳಿದು ಬಸರೂರಿನಂಥ ಬಂದರಿಗೆ ಹೋಗುತ್ತಿತ್ತು, ಪೋರ್ಚುಗೀಸರು ಅದಕ್ಕಾಗಿ ಕಾಯುತ್ತಿದ್ದರು. ಇನ್ನು ಗದ್ದೆಯ ಕಂದಾಯ. ನಿನ್ನಜ್ಜ ಬಾಯಿಬಿಟ್ಟರೆ "ಶಿವಪ್ಪನಾಯಕನ ಶಿಸ್ತು" ಅನ್ನುತ್ತಿದ್ದರಲ್ಲ, ಅದು ಇದೇ. ಕೆಳದಿಯ ಅರಸ ಶಿವಪ್ಪ ನಾಯಕ ಪ್ರತಿ ಊರಲ್ಲೂ ಒಂದೊಂದು ಬಗೆಯ ನೆಲ ಆರಿಸಿ, 12 ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬೀಜ ಎಷ್ಟು, ಖರ್ಚೆಷ್ಟು, ಹುಟ್ಟುವಳಿ ಎಷ್ಟು ಅಂತ ಬರೆಸಿದನಂತೆ. ಆಮೇಲೆ ಸರಾಸರಿ ತೆಗೆದು ಮೂರರಲ್ಲಿ ಒಂದು ಪಾಲು ಅಂತ ಕಂದಾಯ ಕಟ್ಟಿದ. ಕೋಟೆಯ ಆ ಐದು ಉರಿಯ ಒಲೆ ಉರಿದದ್ದು ಇಂಥ ಗದ್ದೆಗಳ ಅನ್ನದಿಂದ. ನಮ್ಮ ಹಿರಿಯರ ಗದ್ದೆಯೂ ಆ ಲೆಕ್ಕದಲ್ಲಿ ಇದ್ದಿರಬಹುದು.

ಕೆಳದಿಯ ರಾಣಿ ಚೆನ್ನಮ್ಮಾಜಿಯನ್ನು ಮರೆಯಬೇಡ. 1672ರಿಂದ 1697ರವರೆಗೆ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಗೆ ಹೊರಟಿದ್ದಾಗ ಅವನಿಗೆ ಆಸರೆ ಕೊಟ್ಟಳು. ಔರಂಗಜೇಬ ಸೈನ್ಯ ಕಳಿಸಿದ, ಆದರೂ ಜಗ್ಗಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ, ಕೊನೆಯ ರಾಣಿ ವೀರಮ್ಮಾಜಿಯನ್ನು ಮಧುಗಿರಿ ಕೋಟೆಯಲ್ಲಿ ಸೆರೆ ಇಟ್ಟ. ಅಲ್ಲಿಗೆ ಮುಗಿಯಿತು.

ಈಗ ನಿನಗೆ ಯಾವತ್ತೂ ಹೇಳದ ಒಂದು ವಿಷಯ. ನನಗಾಗ 12 ವರ್ಷ. ದನ ಹುಡುಕುವ ನೆಪದಲ್ಲಿ ನಾವು ನಾಲ್ಕು ಜನ ಕೋಟೆ ಹತ್ತಿದ್ದೆವು. ಎರಡನೇ ಬಾಗಿಲು ದಾಟಿದ ಮೇಲೆ, ಬಲಗಡೆ ಗೋಡೆಯ ಮೇಲಿನ ಸಾಲಿನಲ್ಲಿ ಒಂದು ಕಲ್ಲು ಬೇರು ನುಗ್ಗಿ ಸಡಿಲ ಆಗಿತ್ತು. ಉರುಳಿದರೆ ಎಂಥ ಸದ್ದು ಬರಬಹುದು ಅಂತ ನೋಡಬೇಕಿತ್ತು ನಮಗೆ, ಅಷ್ಟೇ. ಬೆನ್ನು ಕೊಟ್ಟು ನೂಕಿದೆವು. ಒಂದು ಸಲ ಅಲುಗಾಡಿ ನಿಂತಿತು, ಎರಡನೇ ಸಲಕ್ಕೆ ಹೋಯಿತು. ಮರಗಳನ್ನು ಮುರಿಯುತ್ತಾ ಕೆಳಗೆ ಹೋದ ಸದ್ದು ಈಗಲೂ ಕಿವಿಯಲ್ಲಿದೆ. ಅದು ನಿಂತ ಮೇಲೆ ಯಾರೂ ನಗಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಮೇಲೆ ಎಷ್ಟು ಸಲ ಹತ್ತಿದ್ದೇನೋ, ಪ್ರತಿ ಸಲ ಕಣ್ಣು ಅಲ್ಲಿಗೇ ಹೋಗುತ್ತದೆ. ಹಲ್ಲು ಬಿದ್ದ ಜಾಗದ ಹಾಗೆ ಒಂದು ಸಂದು, ಅದರಲ್ಲಿ ಈಗ ಜರಿಗಿಡ ಬೆಳೆದಿದೆ. ಎಷ್ಟೋ ಜನ ಸೇರಿ, ಎತ್ತಿ, ಜೋಡಿಸಿದ ಕಲ್ಲದು. ನಾಲ್ಕು ಮಕ್ಕಳು ಎರಡು ನಿಮಿಷದಲ್ಲಿ ಕೆಡವಿದೆವು. ಮತ್ತೆ ಅಲ್ಲಿಗೆ ತಂದಿಡುವ ಶಕ್ತಿ ನನಗೆ ಇಲ್ಲ ಅಪ್ಪಿ.

ಅದಕ್ಕೇ ಕೇಳಿಕೊಳ್ಳುವುದು. ನಿನ್ನ ಫ್ರೆಂಡ್ಸಲ್ಲಿ ಯಾರಾದರೂ ಕಲ್ಲಿನ ಮೇಲೆ ಹೆಸರು ಗೀಚಲು ಹೋದರೆ ಕೈ ಹಿಡಿದು ತಡೆ. ಬೇಜಾರಾದರೆ ಆಗಲಿ. ವಿಡಿಯೋ ಮಾಡಲು ಗೋಡೆಯ ಅಂಚು ಹತ್ತಬೇಡಿ, ಪಾಚಿ ಕಟ್ಟಿರುತ್ತದೆ. ನಿಧಿ ಗಿಧಿ ಅಂತ ಅಲ್ಲಿ ನೆಲ ಅಗೆದ ಗುಂಡಿ ಕಂಡರೆ ಅದನ್ನು ತಮಾಷೆ ಮಾಡಬೇಡಿ, ಅದೂ ನಾವು ಮಾಡಿದಂಥದೇ ಕೆಲಸ.

ಕುಂದಾದ್ರಿ ಇನ್ನೊಂದು ದಿನಕ್ಕೆ ಇರಲಿ. ಇಡೀ ದಿನ ಇಲ್ಲೇ ಇರಿ. ಮೂರು ಸುತ್ತಿನ ಗೋಡೆ ಗುಡ್ಡದ ಮೈ ಬಳಸಿ ಹೇಗೆ ಹೋಗುತ್ತದೆ ಅಂತ ನಿಧಾನವಾಗಿ ನೋಡಿ, ಬಾಗಿಲ ಪಕ್ಕದ ಕಾವಲು ಕೋಣೆಯೊಳಗೆ ಕೂತು ದಣಿವಾರಿಸಿಕೊಳ್ಳಿ, ಮೇಲೆ ಶ್ರೀಕಂಠೇಶ್ವರನಿಗೆ ಕೈಮುಗಿದು ಬೆಳಕಿರುವಾಗಲೇ ಇಳಿಯಿರಿ. ಮೊನ್ನೆಯೂ ಮಳೆ ಬಂದಿದೆ, ಉಂಬಳ, ಅಂದರೆ ಜಿಗಣೆ ಇರುತ್ತದೆ, ಅದಕ್ಕೆ ಸುಣ್ಣ ತಂಬಾಕು ನಾನು ಕೊಡುತ್ತೇನೆ. ಮರುದಿನ ರಜೆ ಸಿಕ್ಕರೆ ನಗರದ ಕೋಟೆ, ದೇವಗಂಗೆಯ ಕೊಳ ನೋಡಿಕೊಂಡು ಹೋಗಬಹುದು.

ಮಂಡಿ ನೋವು ಇದೆ, ಆದರೂ ಎರಡನೇ ಬಾಗಿಲವರೆಗೆ ನಿಮ್ಮ ಜೊತೆ ಹತ್ತುತ್ತೇನೆ. ಆ ಸಂದು ನಾನೇ ತೋರಿಸಬೇಕು.

ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದೊಳಗೆ ತಿಳಿಸು. ಬೆಳಿಗ್ಗೆ ಕಡುಬು ಮಾಡಬೇಕು ಅಂತಿದ್ದೇನೆ.

ನಿನ್ನ ದೊಡ್ಡಮ್ಮ