ಮುಯ್ಯಾಳು ಮತ್ತೆ ಬರಲಿ

ಮಾನ್ಯ ಸಂಪಾದಕರೇ,

ಸಕಲೇಶಪುರ ತಾಲ್ಲೂಕಿನಲ್ಲಿ ಪಾಳು ಬೀಳುತ್ತಿರುವ ಭತ್ತದ ಗದ್ದೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಆಳು ಸಿಗುವುದಿಲ್ಲ, ಕೂಲಿ ಜಾಸ್ತಿ, ಕಾಡಾನೆ ಕಾಟ. ಇವೆಲ್ಲ ನಿಜ. ಆದರೆ ಮುಯ್ಯಾಳು ಪದ್ಧತಿ ನಿಂತುಹೋಗಿದ್ದೂ ಒಂದು ದೊಡ್ಡ ಕಾರಣ.

ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಮಲೆನಾಡಿನ ನಾಟಿ ನಡೆಯುತ್ತಿದ್ದದ್ದೇ ಹೀಗೆ. ಕಾಗದವಿಲ್ಲ, ಸಹಿಯಿಲ್ಲ. ಮುಯ್ಯಿ ತೀರಿಸದವರ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುತ್ತಿರಲಿಲ್ಲ. ಆ ಭಯ, ಮರ್ಯಾದೆ ಎರಡೂ ಸೇರಿ ಊರನ್ನು ಹಿಡಿದಿಟ್ಟಿದ್ದವು. ಮಾತು ಬಿಟ್ಟ ಮನೆಗಳೂ ನಾಟಿ ಹೊತ್ತಿಗೆ ಮಾತಾಡಲೇಬೇಕಿತ್ತು. ಈಗ ಎಲ್ಲವನ್ನೂ ದುಡ್ಡು ಕೊಟ್ಟು ಮುಗಿಸುತ್ತೇವೆ. ಪಕ್ಕದ ಮನೆಯವರ ಹಂಗೇ ಬೇಡ ಎನಿಸಿದ ಮೇಲೆ ಅವರ ಕಷ್ಟವೂ ಕಾಣುವುದಿಲ್ಲ, ಅಲ್ವಾ?

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುತ್ತಿಲ್ಲ. ಮುಯ್ಯಿ ಮಾಡಲು ಸ್ವಂತ ಗದ್ದೆ ಬೇಕಿತ್ತು. ಭೂಮಿಯಿಲ್ಲದ ದಲಿತ ಕುಟುಂಬಗಳು ದುಡಿಯುತ್ತಿದ್ದವು, ಆದರೆ ಈ ಕೊಡುಕೊಳ್ಳುವಿಕೆಯಿಂದ ಹೊರಗೇ ಇದ್ದವು. ಆ ತಾರತಮ್ಯ ಮತ್ತೆ ಬರಬಾರದು.

2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ಮುಯ್ಯಿಯಂಥದ್ದೇ ನಂಬಿಕೆಯ ಮೇಲೆ ನಡೆಯುತ್ತಿವೆ. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ. ಹಾಗಾಗಿ ಜುಲೈ ನಾಟಿಗೆ ಮೊದಲೇ ಗ್ರಾಮ ಪಂಚಾಯಿತಿಗಳು ಈ ಸಂಘಗಳನ್ನೂ ಸಣ್ಣ ರೈತರನ್ನೂ ಒಟ್ಟಿಗೆ ಕೂರಿಸಿ, ಯಾವ ದಿನ ಯಾರ ಗದ್ದೆ ಎಂದು ಪಟ್ಟಿ ಮಾಡಲಿ. ಭೂಮಿಯಿಲ್ಲದವರಿಗೆ ಪೂರ್ತಿ ಕೂಲಿ ಸಿಗಲಿ, ಪಟ್ಟಿ ಮಾಡುವಾಗ ಅವರ ಮಾತೂ ನಡೆಯಲಿ. ಒಟ್ಟಾಗಿ ನಾಟಿ ಮಾಡುವ ಗುಂಪಿಗೆ ಕೃಷಿ ಯಂತ್ರಧಾರೆ ಕೇಂದ್ರಗಳು ಟಿಲ್ಲರ್ ಬಾಡಿಗೆಗೆ ಕೊಡುವಾಗ ಮೊದಲ ಸರದಿ ನೀಡಲಿ.

– ಒಬ್ಬ ಓದುಗ, ಸಕಲೇಶಪುರ